ಪ್ರತಿ ಮಾಡಿದವರು

ಹೀರಾಲಾಲ್ ಜೈನ್ ಅವರು ಸಂಪಾದಿಸಿದ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಷಟ್ಖಂಡಾಗಮದ ಅಧ್ಯಯನಕ್ಕಾಗಿ ಅದನ್ನು ತೆರೆಯುವವರು ಪ್ರಸ್ತಾವನೆಯ ಒಂದು ಭಾಗವನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನಾನು ಮತ್ತೆ ಮತ್ತೆ ಓದುವುದು ಅದನ್ನೇ: ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಡಪತ್ರಗಳಲ್ಲಿದ್ದ ಗ್ರಂಥ ವಿದ್ವಲ್ಲೋಕಕ್ಕೆ ತಲಪಿದ ವೃತ್ತಾಂತ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸೊಲ್ಲಾಪುರದ ಹಿರಾಚಂದ ನೇಮಚಂದ ಹಾಗೂ ಮುಂಬಯಿಯ ಮಾಣಿಕಚಂದ ಶ್ರೇಷ್ಠಿಗಳ ಪ್ರಯತ್ನದಿಂದ ಹಳಗನ್ನಡ ಲಿಪಿಯ ಮೂಲವನ್ನು ನಾಗರಿಗೆ ಇಳಿಸುವ ಕಾರ್ಯ ಆರಂಭವಾಯಿತು. ಪ್ರತಿಯನ್ನು ಹೊರಗೊಯ್ಯಲು ಅಲ್ಲಿಯವರ ಸಮ್ಮತಿಯಿರಲಿಲ್ಲ. ಪ್ರತಿ ಮಾಡಲು ನೇಮಕಗೊಂಡಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದರಲ್ಲಿ ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ಪಾಲು ದೊಡ್ಡದು. ಈ ಪ್ರತಿಯನ್ನು ಕೊಳ್ಳುವುದು ನ್ಯಾಯವಲ್ಲವೆಂದು ಶ್ರೇಷ್ಠಿಗಳಿಬ್ಬರೂ ನಿರಾಕರಿಸಿದರು. ಸಹಾರನಪುರದ ಲಾಲಾ ಜಂಬೂಪ್ರಸಾದರು ಕೊಂಡರು. ಅದನ್ನು ನಾಗರಿಗೆ ಇಳಿಸುವ ಕೆಲಸಕ್ಕೆ ಬಂದ ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿ ಮಾಡಿಟ್ಟುಕೊಂಡರು! ಸಂಪಾದಕರಿಗೆ ದೊರೆತ ಪ್ರತಿಗಳೆಲ್ಲ ಈ ವಂಶದವು.

ಇದನ್ನು ಚೌರ್ಯವೆನ್ನಬಹುದೆ? ಒಪ್ಪಂದದ ದೃಷ್ಟಿಯಿಂದ ಹೌದು. ಅಚೌರ್ಯವನ್ನು ವ್ರತವೆಂದು ಎಣಿಸುವ ಪರಂಪರೆಯಲ್ಲಿ ಆ ಮಾತನ್ನು ಹಗುರಗೊಳಿಸಲಾಗದು. ಆದರೆ ವರ್ಷಗಟ್ಟಲೆ ಅಕ್ಷರಕ್ಕೆ ಅಕ್ಷರ ಕೂಡಿಸಿದವರಿಗೆ ಆ ಗ್ರಂಥದ ಮೇಲೆ ಕೂಲಿಯ ಹೊರತು ಬೇರಾವ ಹಕ್ಕೂ ಇರಲಿಲ್ಲವೆಂಬುದು ಅಷ್ಟೇ ನಿಜ. ಹೀರಾಲಾಲರು ಅವರನ್ನು ಸಮರ್ಥಿಸಲೂ ಇಲ್ಲ, ಮರೆಮಾಚಲೂ ಇಲ್ಲ, ಹೆಸರು ಹೇಳಿದರು. ಲಕ್ಷ್ಮೀಬಾಯಿಯವರನ್ನು ನಾವಿಂದು ಬಲ್ಲೆವಾದರೆ ಅದರಿಂದಲೇ.

ಇಂದು ಸಂಶೋಧನಾ ಯೋಜನೆಗೆ ಅನುದಾನ ಕೇಳುವಾಗ ಅದರ ಸಾಮಾಜಿಕ ಪ್ರಯೋಜನವನ್ನು ವಿವರಿಸಬೇಕಾಗುತ್ತದೆ. ನಾವು ಪರಂಪರೆ, ಸಂಸ್ಕೃತಿ, ಮುಂದಿನ ಪೀಳಿಗೆ ಎಂದು ಧಾರಾಳವಾಗಿ ಬರೆಯುತ್ತೇವೆ. ಪಕ್ಕದ ಮೇಜಿನ ಯೋಜನಾ ಸಹಾಯಕಿ ಆ ಸಮಾಜಕ್ಕೆ ಸೇರಿದವಳೆಂದು ತೋರುವುದಿಲ್ಲ. ನನಗೆ ಪರಿಚಯವಿದ್ದ ಒಂದು ಸಂಸ್ಥೆಯಲ್ಲಿ ಅಂಥವಳೊಬ್ಬಳು ಎರಡು ವರ್ಷ ಓಲೆಗಳನ್ನು ಓದಿ ಪಾಠಾಂತರಗಳನ್ನು ಗುರುತಿಸಿದಳು. ಗೌರವಧನ ಐದಾರು ತಿಂಗಳಿಗೊಮ್ಮೆ ಬರುತ್ತಿತ್ತು. ಅವಧಿ ಮುಗಿದ ದಿನ ತನ್ನ ಟಿಪ್ಪಣಿಗಳ ಒಂದು ಪ್ರತಿಯನ್ನು ಪಿಎಚ್.ಡಿ. ಕೆಲಸಕ್ಕಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಅವು ಸಂಸ್ಥೆಯ ಸ್ವತ್ತು ಎಂಬ ಉತ್ತರ ಬಂತು. ಕೇಳದೆ ನಕಲು ಮಾಡಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೆನ್‌ಡ್ರೈವ್ ಅವಳ ಚೀಲದಲ್ಲೇ ಇತ್ತು.

ಗ್ರಂಥ ಅಚ್ಚಾಗಿ ಬಂದಿದೆ. ಅರಿಕೆಯಲ್ಲಿ ನಿರ್ದೇಶಕರು, ದಾನಿಗಳು, ಮುಖಪುಟದ ಕಲಾವಿದರು, ಮುದ್ರಕರು ಎಲ್ಲರಿಗೂ ಹೆಸರಿನೊಂದಿಗೆ ವಂದನೆಗಳಿವೆ. ಬಳಿಕ ‘ಮತ್ತು ಸಹಕರಿಸಿದ ಇತರರಿಗೆ’ ಎಂದಿದೆ. ವಿಮರ್ಶೆ ಬರೆಯಲು ಪುಸ್ತಕ ನನಗೆ ಬಂದಾಗ ಪಾಠಾಂತರಗಳ ಗುಣವನ್ನು ಮೆಚ್ಚಿ, ಅವು ಯಾರ ಕೆಲಸವೆಂಬುದನ್ನು ಹೆಸರಿಸಬೇಕಿತ್ತೆಂದು ಬರೆದೆ. ಪತ್ರಿಕೆಯವರು ಮೆಚ್ಚುಗೆಯನ್ನು ಉಳಿಸಿ, ಎರಡನೆಯ ವಾಕ್ಯವನ್ನು ಸ್ಥಳಾಭಾವದಿಂದ ಕೈಬಿಟ್ಟರು.