ಕಿಲೋ ಕಾಯಿಗೆ ಪಾವು ಕಿಲೋ ಉಪ್ಪು

ಹಾವೇರಿ, ಗದಗ, ಧಾರವಾಡ ಕಡೆಯ ಸಂತೆಗಳಿಗೆ ಚಳಿಗಾಲದಲ್ಲಿ ಗಿಡದಲ್ಲೇ ಹಣ್ಣಾದ ಹಸಿ ಕೆಂಪು ಮೆಣಸಿನಕಾಯಿ ಬರುತ್ತದೆ. ಒಣಗಿಸಿ ಚೀಲ ತುಂಬುವ ಕಾಯಿಯ ಲೆಕ್ಕ ಬೇರೆ. ಇದು ಒಳಗಿನ ನೀರು ಇನ್ನೂ ಆರದ, ತೊಟ್ಟು ಹಸಿರಾಗಿರುವ ಕಾಯಿ. ಸಂಕ್ರಾಂತಿಯ ಆಚೀಚೆ ಕೆಲವು ವಾರ ಸಿಗುತ್ತದೆ, ಆಮೇಲೆ ಹುಡುಕಿದರೂ ಇಲ್ಲ. ಅದರಿಂದ ಮಾಡುವ ರಂಜಕವೇ ನಮ್ಮ ಸೀಮೆಯ ಸಾಸ್. ಕೆಲವು ಮನೆಗಳಲ್ಲಿ ಕೆಂಪ ಹಿಂಡಿ ಅನ್ನುತ್ತಾರೆ. ಕಾಯಿ, ಉಪ್ಪು, ಹುಳಿ, ಹುರಿದ ಮೆಂತ್ಯದ ಪುಡಿ, ಇಂಗು, ಮೇಲೊಂದು ಒಗ್ಗರಣೆ. ಬೆಳ್ಳುಳ್ಳಿ ಹಾಕುವುದು ಬಿಡುವುದು ಆಯಾ ಮನೆಯ ಪದ್ಧತಿ. ಗಡಿಯಾಚೆ ಆಂಧ್ರದವರು ಇದೇ ಕಾಯಿ, ಇದೇ ಉಪ್ಪು, ಇದೇ ಹುಣಸೆಯಲ್ಲಿ ಕೊರಿವಿ ಕಾರಂ ಮಾಡುತ್ತಾರೆ. ಹೆಚ್ಚು ದೂರದ ಸಂಬಂಧವಲ್ಲ.

ನಮ್ಮಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ರಂಜಕಕ್ಕೆ ಕೂತಳೆಂದರೆ ಅಡಿಗೆಮನೆಗೆ ಮಕ್ಕಳಿಗೆ ಪ್ರವೇಶವಿರಲಿಲ್ಲ. ಕಾಯಿಯನ್ನು ತೊಟ್ಟಿನ ಸಮೇತ ತೊಳೆಯಬೇಕು, ಹಳೇ ಧೋತರದ ಮೇಲೆ ಹರವಿ ನೆರಳಲ್ಲಿ ಆರಿಸಬೇಕು, ಒಂದೊಂದನ್ನೂ ಒರೆಸಬೇಕು, ಆಮೇಲೆ ತೊಟ್ಟು ಮುರಿಯಬೇಕು. ಮೊದಲೇ ತೊಟ್ಟು ತೆಗೆದರೆ ಆ ತೂತಿನಿಂದ ನೀರು ಒಳಗೆ ಹೋಗುತ್ತದೆ, ರಂಜಕ ಕೆಡುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಒಂದು ಹಿಡಿ ಲವಂಗಿ ಕಾಯಿ. ಕಲ್ಲುಪ್ಪಿನ ಜೊತೆ ಒರಳಲ್ಲಿ ತರಿತರಿಯಾಗಿ ಕುಟ್ಟಿ, ಬೀಜ ತೆಗೆದ ಹುಣಸೆಹಣ್ಣನ್ನು ನಡುವೆ ಹುದುಗಿಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದಳು. ಎರಡು ಮೂರು ದಿನಕ್ಕೆ ಕಾಯಿ ತನ್ನ ನೀರು ಬಿಟ್ಟುಕೊಂಡು, ಹುಣಸೆ ಆ ನೀರಲ್ಲೇ ನೆನೆದು ಮೆತ್ತಗಾಗುತ್ತಿತ್ತು. ಆಗ ಹೊರತೆಗೆದು ನುಣ್ಣಗೆ ರುಬ್ಬುವುದು. ಒಂದು ಹನಿ ನೀರು ಸೋಕುವ ಹಾಗಿಲ್ಲ.

ರುಬ್ಬುವ ಕೆಲಸ ಸೊಸೆಯಂದಿರದು. ಗುಂಡು ತಿರುಗಿಸುತ್ತ ಇನ್ನೊಂದು ಕೈಯಿಂದ ಒಳಗೆ ತಳ್ಳುತ್ತಿರಬೇಕು. ಕೈ ಉರಿ ಏಳುತ್ತಿತ್ತು. ನೀರಲ್ಲಿ ತೊಳೆದರೆ ಆ ಉರಿ ಹೋಗುವುದಿಲ್ಲ, ಏಕೆಂದರೆ ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ಎಣ್ಣೆಯಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಅವ್ವ ಎಣ್ಣೆ ಹಚ್ಚಿಕೊಂಡು, ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂಡುತ್ತಿದ್ದಳು. ರಾತ್ರಿಯಾದರೂ ಕೂಸಿನ ಮುಖ ಮುಟ್ಟುವ ಹಾಗಿರಲಿಲ್ಲ. ರೊಟ್ಟಿಯ ಮೇಲೆ ರಂಜಕ ಹಾಕಿ ಪಕ್ಕದಲ್ಲಿ ಬೆಣ್ಣೆಯನ್ನೋ ಕೆನೆಮೊಸರನ್ನೋ ಇಡುವುದಕ್ಕೂ ಇದೇ ಕಾರಣ. ನಾಲಿಗೆಗೆ ತಕ್ಷಣ ಸಿಗುವ ಆ ಉಪಚಾರ ರುಬ್ಬಿದ ಕೈಗಳಿಗೆ ಹೊತ್ತು ಮುಳುಗಿದ ಮೇಲೂ ಸಿಗುತ್ತಿರಲಿಲ್ಲ.

ಹಾಗಾಗಿ 'ಒರಳಿನ ರುಚಿ' ಹೋಯಿತೆಂದು ಯಾರಾದರೂ ಹಳಹಳಿಸಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಆಡುತ್ತಿದ್ದವರು ಗಂಡಸರು. ಒರಳ ಮುಂದೆ ಅವರು ಯಾರೂ ಕೂತವರಲ್ಲ. ಮಿಕ್ಸರ್ ಬಂದ ವರ್ಷ ಅವ್ವ ಒರಳನ್ನು ಹಿತ್ತಲಿಗೆ ಹಾಕಿಸಿದಳು, ಮತ್ತೆ ಒಳಗೆ ತರಲಿಲ್ಲ. ರಂಜಕದ ರುಚಿ ಕಲ್ಲಿನಲ್ಲಿ ಇರಲೇ ಇಲ್ಲ. ಅದು ಕಾಯಿಯಲ್ಲಿದೆ, ಉಪ್ಪಿನಲ್ಲಿ ಕಾಯಿ ಮಲಗಿರುವ ಆ ಎರಡು ಮೂರು ದಿನದಲ್ಲಿದೆ. ಉಪ್ಪಲ್ಲಿ ನೆನೆದು ನೀರು ಬಿಟ್ಟ ಕಾಯಿಯನ್ನು ಸಣ್ಣ ಜಾರಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಮಿಕ್ಸರಿನಲ್ಲೂ ಅದೇ ಬಣ್ಣ, ಅದೇ ಹದ. ಅವಸರ ಮಾಡಿ ತಂದ ದಿನವೇ ತಿರುಗಿಸಲು ಹೋದರೆ ಬ್ಲೇಡು ಓಡುವುದಿಲ್ಲ, ನೀರು ಹಾಕಬೇಕಾಗುತ್ತದೆ, ಅಲ್ಲಿಗೆ ಬಾಳಿಕೆ ಮುಗಿಯಿತು. ಕೆಟ್ಟ ರಂಜಕಕ್ಕೆ ಮಿಕ್ಸರನ್ನು ದೂರುವವರು ಹೆಚ್ಚಾಗಿ ಕಾಯದವರು.

ಪರಂಪರೆ ಎನ್ನುವ ಮಾತನ್ನೂ ಅಳೆದು ಆಡಬೇಕು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ತುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೂ ಮುಂಚೆ ಇಲ್ಲಿನವರಿಗೆ ಖಾರವೆಂದರೆ ಕಾಳುಮೆಣಸು. ರಂಜಕದ ವಯಸ್ಸು ಹೆಚ್ಚೆಂದರೆ ಐದು ನೂರು ವರ್ಷದೊಳಗಿನದು. ಹೊಸ ಕಾಯಿಯನ್ನು ಕಂಡ ಹೆಂಗಸರು ಅದನ್ನು ತಮ್ಮ ಉಪ್ಪಿನಕಾಯಿಯ ಲೆಕ್ಕಕ್ಕೆ ತಂದುಕೊಂಡರು. ಅವರ ಆ ಜಾಣ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ನಿಜವಾಗಿ ಬದಲಾದದ್ದು ಉಪ್ಪು. ಆಯಿಯ ಲೆಕ್ಕ ಕಿಲೋ ಕಾಯಿಗೆ ಪಾವು ಕಿಲೋ. "ಉಪ್ಪು ಕಡಿಮಿ ಹಾಕಬ್ಯಾಡ್ರಿ, ಯುಗಾದಿ ಕಾಣೂದಿಲ್ಲ ಅದು" ಎನ್ನುತ್ತಿದ್ದಳು. ಆಕೆಯ ಭರಣಿ ಇರುತ್ತಿದ್ದದ್ದು ಅಟ್ಟದ ಕೆಳಗಿನ ಕತ್ತಲಲ್ಲಿ. ಚಳಿಗಾಲದಲ್ಲಿ ಮಾಡಿದ್ದು ಬೇಸಿಗೆ ದಾಟಿ, ತರಕಾರಿ ಕಾಣದ ಮಳೆಗಾಲಕ್ಕೆ ಬರಬೇಕಿತ್ತು. ಅಷ್ಟು ಉಪ್ಪು, ಮೇಲೆ ಹುಣಸೆಯ ಹುಳಿ, ಜೊತೆಗೆ ಒಣ ಸೌಟು – ಕೆಡಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬದುಕುವುದು ಕಷ್ಟ. ಹಾಗೆಂದು ಆ ರಂಜಕ ನಾಲಿಗೆಗೆ ಸುಖವಾಗಿತ್ತು ಎಂದಲ್ಲ. ಮೊದಲು ಹತ್ತುತ್ತಿದ್ದದ್ದು ಉಪ್ಪು, ಆಮೇಲೆ ಹುಳಿ, ಕಾಯಿಯ ಸಿಹಿ ಕೊನೆಗೆ ಎಲ್ಲೋ ಒಂದಿಷ್ಟು. ಅದಕ್ಕೇ ತಿನ್ನುವಾಗ ಮೊಸರಲ್ಲಿ ಕಲಸುತ್ತಿದ್ದರು, ಚೂರು ಬೆಲ್ಲ ಸೇರಿಸುತ್ತಿದ್ದರು. ರಕ್ತದೊತ್ತಡಕ್ಕೆ ಗುಳಿಗೆ ನುಂಗುವ ವಯಸ್ಸಿನಲ್ಲೂ ಆಯಿ ಎರಡು ಹೊತ್ತು ಅದನ್ನೇ ತಿಂದಳು; ಬೇಡವೆಂದು ಹೇಳಿದವರು ಆಗ ಕಡಿಮೆ.

ಈಗ ನಾನು ಕಿಲೋಕ್ಕೆ 100 ಗ್ರಾಂ ಉಪ್ಪು ಹಾಕುತ್ತೇನೆ, ಹುಣಸೆ ಕಡಿಮೆ ಮಾಡಿ ನಿಂಬೆರಸ ಹೆಚ್ಚಿಸುತ್ತೇನೆ. ಮೊದಲ ದಿನದಿಂದಲೇ ಫ್ರಿಜ್ಜಿನಲ್ಲಿಡುತ್ತೇನೆ. ಸ್ವಲ್ಪ ಸ್ವಲ್ಪವೇ ಹೊರತೆಗೆದು ಸಾಸಿವೆ, ಅರಿಸಿನ, ಇಂಗಿನ ಒಗ್ಗರಣೆ ಕೊಡುವುದು. ಉಪ್ಪು ಹಿಂದೆ ಸರಿದ ಮೇಲೆ ಕಾಯಿಯ ಹಣ್ಣುತನ ಮುಂದೆ ಬಂದಿದೆ. ಇದನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ: ನನ್ನ ರಂಜಕ ಆಯಿಯದಕ್ಕಿಂತ ರುಚಿಯಾಗಿದೆ. ಆಕೆಗೆ ಫ್ರಿಜ್ಜಿದ್ದರೆ ಆಕೆಯೂ ಹೀಗೇ ಮಾಡುತ್ತಿದ್ದಳು.

ಕಳೆದುಹೋದದ್ದೂ ಇದೆ, ಅದು ಕಾಯಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿ ಸಿಕ್ಕಿತು. ಅಷ್ಟರಲ್ಲಾಗಲೇ ಹೊಲಗಳಿಗೆ ಹೆಚ್ಚು ಇಳುವರಿಯ ಹೈಬ್ರಿಡ್ ಬೀಜ ಬಂದಿತ್ತು. ರೈತರನ್ನು ದೂರುವಂತಿಲ್ಲ, ಮಳೆ ನಂಬಿದ ಸುಕ್ಕು ಸುಕ್ಕಿನ ಹಳೇ ಬ್ಯಾಡಗಿ ಎಕರೆಗೆ ಕೊಡುವುದು ಕಡಿಮೆ. ಒಣಕಾಯಿಯ ಬಣ್ಣ ತೆಗೆದು ತಿಂಡಿಗೂ ಲಿಪ್‌ಸ್ಟಿಕ್ಕಿಗೂ ಬಳಸುವ ಕಾರ್ಖಾನೆಗಳು ಕೊಳ್ಳುವಾಗ ರಂಜಕಕ್ಕೆಂದು ಎರಡು ಕಿಲೋ ಹಸಿಕಾಯಿ ಕೇಳುವ ನಮ್ಮ ಮಾತು ಎಷ್ಟರದ್ದು? ಬೆಂಗಳೂರಿನಲ್ಲಿ ಹಣ್ಣುಕಾಯಿ ಸಿಗುವುದು ಅಪರೂಪ. ಸಿಕ್ಕರೂ ದಪ್ಪ ಸಿಪ್ಪೆ, ಬರೀ ಉರಿ, ಬಣ್ಣ ಮಂಕು. ಊರಿಂದ ಬರುವವರ ಬಸ್ಸನ್ನು ಕಾಯಬೇಕು.

ಅಂಗಡಿಯ ಚಿಲ್ಲಿ ಸಾಸ್ ಬಾಟಲಿಯ ಹಿಂಬದಿ ಓದುವ ಅಭ್ಯಾಸ ಒಳ್ಳೆಯದು. ನಮ್ಮ ದೇಶದ ನಿಯಮದಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ನೀರು, ಸಕ್ಕರೆ ಮೊದಲು ಬಂದು ಮೆಣಸಿನಕಾಯಿ ಅವುಗಳ ಹಿಂದೆ ನಿಂತಿದ್ದರೆ ನೀವು ಮುಖ್ಯವಾಗಿ ಕೊಳ್ಳುತ್ತಿರುವುದು ನೀರು, ಸಕ್ಕರೆ. ಆ ನೀರು ಮಂದವಾಗಿ ನಿಲ್ಲಲು ಒಂದು ಅಂಟು ಬೇಕು, ಕೆಡದಿರಲು ಸೋಡಿಯಂ ಬೆಂಜೋಯೇಟ್ ಬೇಕು. ಅವು ವಿಷವೆಂದು ನಾನು ಹೆದರಿಸುವುದಿಲ್ಲ, ಅನುಮತಿಯ ಮಿತಿಯಲ್ಲೇ ಇರುತ್ತವೆ. ಕಾಯಿಗೆ ಕೊಡಬೇಕಾದ ದುಡ್ಡು ನೀರಿಗೆ ಕೊಡುವುದು ನನಗೆ ಸರಿಬರುವುದಿಲ್ಲ, ಅಷ್ಟೇ.

ಹೋದ ಚಳಿಗಾಲ ತಂಗಿಯ ಮಗಳು ಹೈದರಾಬಾದಿನಿಂದ ಫೋನ್ ಮಾಡಿದಳು. "ದೊಡ್ಡವ್ವ, ಇಲ್ಲಿ ಪಂಡುಮಿರ್ಚಿ ಛೊಲೋ ಸಿಗತಾವ. ಉಪ್ಪು ಎಷ್ಟು ಹಾಕಲಿ?" ಫ್ರಿಜ್ಜಿನಲ್ಲಿ ಇಡೋದಾದರೆ ನೂರು ಗ್ರಾಂ, ಹೊರಗಾದರೆ ಪಾವು ಕಿಲೋ, ಒರೆಸುವ ಬಟ್ಟೆ ಒಣಗಿರಲಿ, ಮಿಕ್ಸರಿಗೆ ಹಾಕುವ ಮೊದಲು ಎರಡು ದಿನ ಬಿಡು ಎಂದೆ. ಕೈಗೆ ಏನು ಹಚ್ಚಿಕೊಳ್ಳಲಿ ಎಂದು ಕೇಳಿದಳು. ಔಷಧದ ಅಂಗಡಿಯಲ್ಲಿ ಸಿಗುವ ತೆಳು ಕೈಗವಸು ತಗೊಂಡು ಬಾ ಎಂದೆ.