ಒಂದರಲ್ಲಿ ತಪ್ಪಿತು

ತುರಿಕೆಯ ಸುಖ ತುರಿಸಿಕೊಂಡವನಿಗೇ ಗೊತ್ತು. ಚಿಕ್ಕಂದಿನಲ್ಲಿ ನನಗೆ ಕಜ್ಜಿಯಾಗಿದ್ದಾಗ ನಮ್ಮ ಅಜ್ಜಿ ಬೇವಿನ ಸೊಪ್ಪಿನ ನೀರೆರೆದು, "ಕೆರಕೋಬೇಡವೋ, ಕೆರೆದಷ್ಟೂ ಹೆಚ್ಚುತ್ತೆ" ಎಂದು ಎರಡು ಕೈಗೂ ಬಟ್ಟೆ ಸುತ್ತಿ ಮಲಗಿಸುತ್ತಿದ್ದರು. ಅಜ್ಜಿ ಅತ್ತ ತಿರುಗಿದೊಡನೆ ನಾನು ಬಟ್ಟೆ ಸುತ್ತಿದ ಕೈಯಿಂದಲೇ ಉಜ್ಜಿಕೊಳ್ಳುತ್ತಿದ್ದೆ. ಹೆಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಲೆಗೆ ಗೊತ್ತಿದ್ದ ಮಾತ್ರಕ್ಕೆ ಕೈ ಸುಮ್ಮನಿರುವುದಿಲ್ಲವೆಂಬ ಪಾಠವನ್ನು ಅಂದೇ ಕಲಿತಿದ್ದರೆ, ಮುಂದೆ ನಮ್ಮ ಅಣ್ಣಯ್ಯನಿಗೆ ನಾನು ಆಡಿದ ಒಂದು ಮಾತನ್ನು ಆಡುತ್ತಿರಲಿಲ್ಲ. ಆದರೆ ನಾನು ಕಲಿತದ್ದು ಗಣಿತ. ಮೂವತ್ತೆರಡು ವರ್ಷ ಹಾಸನದ ಹೈಸ್ಕೂಲೊಂದರಲ್ಲಿ ಅದನ್ನೇ ಕಲಿಸಿದೆ.

2023ರ ಚಳಿಗಾಲದಲ್ಲಿ ಮಗಳ ಮನೆಗೆಂದು ಟೊರಾಂಟೋ ನಗರಕ್ಕೆ ಹೋಗಿದ್ದೆ. ಮಗಳೂ ಅಳಿಯನೂ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಬರುವರು, ಮೊಮ್ಮಗನಿಗೆ ಸ್ಕೂಲು. ನನಗೆ ಕಿಟಕಿ, ಕಿಟಕಿಯಾಚೆಗೆ ಹಿಮ. ದಿನಕ್ಕೊಮ್ಮೆ ಮೂರು ಅಂಗಿ, ಅದರ ಮೇಲೊಂದು ಕೋಟು ಹಾಕಿಕೊಂಡು ಮೂಲೆಯಂಗಡಿಯವರೆಗೆ ಹೋಗಿ ಹಾಲು ತರುವುದು ನನ್ನ ಪಾಲಿನ ಲೋಕಸಂಚಾರ. ಆ ಅಂಗಡಿಯ ಗಾಜಿನ ಕೆಳಗೆ ಬಣ್ಣಬಣ್ಣದ ಚೀಟಿಗಳನ್ನು ಸಾಲಾಗಿ ಜೋಡಿಸಿದ್ದರು. ಮೇಲೆ ಬೂದುಬಣ್ಣದ ಲೇಪ. ನಾಣ್ಯದಿಂದ ಕೆರೆದರೆ ಒಳಗೆ ಅಂಕಿಗಳು. ಒಂದೇ ಮೊತ್ತ ಮೂರು ಕಡೆ ಬಂದರೆ ಅಷ್ಟು ಹಣ ನಿಮ್ಮದು. ಚೀಟಿಗೆ ಎರಡು ಡಾಲರು. ಒಂದು ದಿನ ಕೈಯಲ್ಲಿ ಚಿಲ್ಲರೆ ಉಳಿದಿತ್ತು. ಪಂಜಾಬಿನ ಅಂಗಡಿಯವನು, "ಏಕ್ ಲೇ ಲೋ ಅಂಕಲ್‌ಜೀ" ಎಂದ. ತೆಗೆದುಕೊಂಡೆ. ಇದು ಶಿಷ್ಟಾಚಾರಕ್ಕಾಗಿ ಎಂದು ಮನಸ್ಸಿಗೆ ಹೇಳಿಕೊಂಡೆ.

ಇದೇನೂ ಪುರಾಣಕಾಲದ ಜೂಜಲ್ಲ. 1974ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾಟರಿಯವರು ಮೊದಲು ಮಾರಾಟಕ್ಕಿಟ್ಟರು. ಅದನ್ನು ರೂಪಿಸಿದವರಲ್ಲಿ ಒಬ್ಬ ಜಾನ್ ಕೋಜಾ ಎಂಬ ಕಂಪ್ಯೂಟರ್ ವಿದ್ವಾಂಸ. ಅಲ್ಲಿಯವರೆಗೆ ಲಾಟರಿ ಎಂದರೆ ಚೀಟಿ ಕೊಂಡು, ಫಲಿತಾಂಶದ ದಿನದವರೆಗೆ ಕಾಯಬೇಕಾಗಿತ್ತು. ಈ ಪುಣ್ಯಾತ್ಮರು ಆ ಕಾಯುವಿಕೆಯನ್ನು ಅರ್ಧ ನಿಮಿಷಕ್ಕೆ ಇಳಿಸಿದರು. ಸೋತ ದುಃಖ ಆರುವ ಮೊದಲೇ ಇನ್ನೊಂದನ್ನು ಕೊಳ್ಳಬಹುದು.

ನಾನು ಲೆಕ್ಕದ ಮೇಷ್ಟ್ರು. ಚೀಟಿಯ ಹಿಂಬದಿಯನ್ನೇ ಮೊದಲು ಓದಿದೆ. ಬಹುಮಾನದ ಸಂಭವ ಸುಮಾರು ನಾಲ್ಕರಲ್ಲೊಂದು ಎಂದು ಅಲ್ಲಿ ಅಚ್ಚಾಗಿತ್ತು. ಸುಳ್ಳಲ್ಲ. ಆದರೆ ಕೊಟ್ಟ ಎರಡು ಡಾಲರು ಎರಡು ಡಾಲರಾಗಿಯೇ ತಿರುಗಿ ಬಂದರೆ ಅದೂ 'ಬಹುಮಾನ'ದ ಲೆಕ್ಕಕ್ಕೇ ಸೇರುತ್ತದೆ. ನಾಲ್ಕರಲ್ಲೊಂದು ಎಂದರೆ ನಾಲ್ಕು ಕೊಂಡವನಿಗೆ ಒಂದು ಬಂದೇ ಬರುತ್ತದೆಂದೂ ಅಲ್ಲ. ಮುಕ್ಕಾಲನ್ನು ಮುಕ್ಕಾಲಿನಿಂದ ಮೂರು ಸಲ ಗುಣಿಸಿ ನೋಡಿ: ನಾಲ್ಕು ನಾಲ್ಕು ಚೀಟಿ ಕೊಂಡ ನೂರು ಮಂದಿಯಲ್ಲಿ ಸುಮಾರು 32 ಮಂದಿ ಬರಿಗೈಯಲ್ಲೇ ಮನೆಗೆ ಹೋಗಬೇಕು. ಇನ್ನು ಯಾವ ಮೂಲೆಯಿಂದ ಕೆರೆದರೂ, ಮೆಲ್ಲಗೆ ಕೆರೆದರೂ, ಇಷ್ಟದೇವತೆಯನ್ನು ನೆನೆದು ಕೆರೆದರೂ ಫಲ ಒಂದೇ. ಚೀಟಿಯ ಹಣೆಬರಹ ಅಚ್ಚಾದ ದಿನವೇ ತೀರ್ಮಾನವಾಗಿರುತ್ತದೆ.

ಇಷ್ಟೆಲ್ಲ ತಿಳಿದವನು ಏನು ಮಾಡಿದೆನೆನ್ನುತ್ತೀರಿ? ಹಿಮಸಾರಂಗದ ಚಿತ್ರವಿರುವ 25 ಸೆಂಟಿನ ನಾಣ್ಯವೊಂದನ್ನು ಕೆರೆಯುವುದಕ್ಕೆಂದೇ ಕೋಟಿನ ಒಳಜೇಬಿನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಂಡೆ. ಅಂಗಡಿಯವನು ಕೊಟ್ಟ ಚೀಟಿಯನ್ನು ಬಿಟ್ಟು, "ಅದಲ್ಲ, ಅದರ ಪಕ್ಕದ್ದು" ಎಂದು ಕೇಳತೊಡಗಿದೆ. ಎಲ್ಲೆನ್ ಲ್ಯಾಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಆಮೇಲೆ ಓದಲು ಸಿಕ್ಕಿತು. ಒಂದು ಡಾಲರಿನ ಚೀಟಿಯನ್ನು ಕೆಲವರಿಗೆ ಸುಮ್ಮನೆ ಕೊಟ್ಟರು, ಕೆಲವರಿಗೆ ಆರಿಸಿಕೊಳ್ಳಲು ಬಿಟ್ಟರು. ಆಮೇಲೆ, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಸುಮ್ಮನೆ ಪಡೆದವರು ಸರಾಸರಿ 1 ಡಾಲರು 96 ಸೆಂಟು ಕೇಳಿದರೆ, ಆರಿಸಿಕೊಂಡವರು 8 ಡಾಲರು 67 ಸೆಂಟು ಕೇಳಿದರಂತೆ. ಕೈ ಮುಟ್ಟಿ ಆರಿಸಿದ್ದಷ್ಟಕ್ಕೇ ಅದೃಷ್ಟ ನಾಲ್ಕು ಪಟ್ಟು ದಪ್ಪವಾಯಿತು! ಓದಿ ನಕ್ಕೆ. ಮರುದಿನ ಮತ್ತೆ ಪಕ್ಕದ್ದನ್ನೇ ಕೇಳಿದೆ.

ಒಂದು ಸಂಜೆ ಮಗಳು ನನ್ನ ಕೋಟನ್ನು ಒಗೆಯಲು ಹಾಕುವ ಮುನ್ನ ಜೇಬು ಬರಿದು ಮಾಡಿದಳು. ಕೆರೆದ ಚೀಟಿಗಳು ಮೇಜಿನ ಮೇಲೆ ಹರಡಿಕೊಂಡವು. ಅವಳು ಬಯ್ಯಲಿಲ್ಲ. ಒಂದನ್ನು ಬೆಳಕಿಗೆ ಹಿಡಿದು, "ಅಪ್ಪಾ, ಇದರಲ್ಲಿ ಹತ್ತು ಸಾವಿರ ಎರಡು ಸಲ ಬಂದಿದೆ. ಇದನ್ನ ಯಾಕೆ ಮಡಿಸಿ ಬೇರೆ ಇಟ್ಟುಕೊಂಡಿದ್ದೀರಿ?" ಎಂದಳು.

"ಒಂದರಲ್ಲಿ ತಪ್ಪಿತಮ್ಮ" ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ನನ್ನ ಮಾತಲ್ಲವೆಂದು ನೆನಪಾಯಿತು. ಅದು ಅಣ್ಣಯ್ಯನ ಮಾತು.

ಅಣ್ಣಯ್ಯ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಕಿರ್ದಿಯ ಒಂದು ಪುಟದ ಮೊತ್ತವನ್ನು ಬೆರಳು ಜಾರಿಸುತ್ತ ಕೂಡಿಬಿಡುತ್ತಿದ್ದ; ಗಣಿತದ ಪದವೀಧರನಾದ ನಾನು ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಅವನು ಕೆಳಗೆ ಗೆರೆ ಎಳೆದಿರುತ್ತಿದ್ದ. ತೊಂಬತ್ತರ ದಶಕದಲ್ಲಿ ಊರೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದಂಕಿ ಲಾಟರಿಯ ಅಂಗಡಿಗಳು ಎದ್ದವಲ್ಲ, ಆಗ ಅವನಿಗೆ ಅದು ಹತ್ತಿಕೊಂಡಿತು. ಸೊನ್ನೆಯಿಂದ ಒಂಬತ್ತರವರೆಗೆ ಒಂದಂಕಿಯನ್ನು ಹಿಡಿಯುವುದು, ಬಂದರೆ ದುಡ್ಡು. ಸಂಭವ ಹತ್ತರಲ್ಲೊಂದು, ಕೊಡುವುದು ಹತ್ತು ಪಟ್ಟಿಗಿಂತ ಕಡಿಮೆ. ಪೂರಾ ಹತ್ತು ಪಟ್ಟು ಕೊಟ್ಟರೆ ಅಂಗಡಿಯವನು ಏನು ತಿನ್ನಬೇಕು? ಮೊದಲು ಅತ್ತಿಗೆಯ ಬಳೆ ಹೋಯಿತು. ಆಮೇಲೆ ತೋಟದ ಹನ್ನೆರಡು ಗುಂಟೆ ಹೋಯಿತು.

1995ರಲ್ಲಿ ಒಂದು ಭಾನುವಾರ ಹಾಸನದಿಂದ ಬಸ್ಸು ಹತ್ತಿ ಹೋಗಿ, ಅವನ ಜಗಲಿಯಲ್ಲಿ ನಿಂತು ಪಾಠ ಮಾಡಿದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಕೊನೆಗೆ, "ಲೆಕ್ಕ ನಂಗೂ ಬರುತ್ತೆ ಕಣೋ. ನಿನ್ನೆ ಏಳು ಹಿಡಿದಿದ್ದೆ, ಆರು ಬಂತು. ಒಂದರಲ್ಲಿ ತಪ್ಪಿತು" ಎಂದ. ನನಗೆ ಮೈಯೆಲ್ಲ ಉರಿಯಿತು. "ಲೆಕ್ಕ ಬಂದಿದ್ದರೆ ಹೆಂಡತಿ ಮಕ್ಕಳನ್ನು ಬೀದಿಗೆ ಹಾಕುತ್ತಿರಲಿಲ್ಲ. ನೀನು ದಡ್ಡ" ಎಂದೆ. ಮೂರನೆಯ ಕ್ಲಾಸಿನಲ್ಲಿ ನನಗೆ ಮಗ್ಗಿ ಬಾಯಿಪಾಠ ಮಾಡಿಸಿದವನಿಗೆ ಆಡಿದ ಮಾತು ಅದು. ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೂ ನಾವು ಮಾತಾಡಲಿಲ್ಲ. 1998ರ ಕೇಂದ್ರದ ಕಾಯಿದೆ ಒಂದಂಕಿಯ ಆಟವನ್ನು ನಿಷೇಧಿಸಿತು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿಯೇ ನಿಂತಿತು. ಮರುವರ್ಷ ಅಣ್ಣಯ್ಯ ಹೋದ.

ಅವನ ಟ್ರಂಕಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕವೊಂದು ಸಿಕ್ಕಿತು. ಪ್ರತಿದಿನದ ಲಾಟರಿ, ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಪುಟಪುಟಕ್ಕೂ ಮೊತ್ತ. ಒಂದು ಪೈಸೆಯ ತಪ್ಪಿಲ್ಲ. ಅಂಚಿನಲ್ಲಿ ಕೆಲವು ಕಡೆ ಸಣ್ಣದೊಂದು ಚುಕ್ಕೆ. ಹಿಡಿದ ಅಂಕಿಗೂ ಬಂದ ಅಂಕಿಗೂ ಒಂದರ ಅಂತರವಿದ್ದ ದಿನಗಳಿಗೆ ಆ ಚುಕ್ಕೆ. ಅವನ ದಡ್ಡತನದ ಸಾಕ್ಷಿಯೆಂದೇ ಆ ಪುಸ್ತಕವನ್ನು ನಾನು ಹಾಸನಕ್ಕೆ ತಂದಿಟ್ಟುಕೊಂಡಿದ್ದೆ.

ಏಳಕ್ಕೆ ಆರು ಹತ್ತಿರವಲ್ಲ. ಎರಡು ಎಷ್ಟು ದೂರವೋ ಆರೂ ಅಷ್ಟೇ ದೂರ. ತಪ್ಪಿದ್ದೆಲ್ಲ ಒಂದೇ. ಆದರೆ ಗಮನಿಸಿ: ಏಳಕ್ಕೆ ಆಚೆ ಎಂಟು, ಈಚೆ ಆರು, ಎರಡು ನೆರೆಮನೆ. ಗೆಲುವು ಹತ್ತು ದಿನಕ್ಕೆ ಒಂದು ಸಲವಾದರೆ, 'ಒಂದರಲ್ಲಿ ತಪ್ಪಿದ್ದು' ಹತ್ತು ದಿನಕ್ಕೆ ಎರಡು ಸಲ. ಆಸೆಗೆ ಗೆಲುವಿಗಿಂತ ಇಮ್ಮಡಿ ಗೊಬ್ಬರ! ಕೆರೆಯುವ ಚೀಟಿಯಲ್ಲಿ ದೊಡ್ಡ ಮೊತ್ತ ಎರಡು ಕಡೆ ಬಂದು ಮೂರನೆಯದು ಕೈಕೊಡುವುದೂ ಇದೇ ಕಥೆ. ಇಂಗ್ಲೆಂಡಿನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಜೂಜಿನ ಯಂತ್ರದಂಥ ಆಟವೊಂದನ್ನು ಆಡಿಸಿ ಮಿದುಳಿನ ಚಿತ್ರ ತೆಗೆದು 2009ರಲ್ಲಿ ಪ್ರಕಟಿಸಿದರು. ಗೆದ್ದಾಗ ಮಿದುಳಿನ ಯಾವ ಭಾಗಗಳು ಚುರುಕಾಗುತ್ತವೋ, ಸ್ವಲ್ಪದರಲ್ಲಿ ತಪ್ಪಿದಾಗಲೂ ಅವುಗಳಲ್ಲಿ ಕೆಲವು ಚುರುಕಾಗುತ್ತವೆ. ಆಡಿದವರಿಗೆ ಅದು ಹಿತವೆನಿಸಲಿಲ್ಲ; ಆದರೂ ಇನ್ನೊಮ್ಮೆ ಆಡುವ ಆಸೆ ಹೆಚ್ಚಿತು. ಅಜ್ಜಿ ಹೇಳಿದ್ದು ಇದನ್ನೇ.

ಹಿಂದಿನವರಿಗೂ ಇದು ಗೊತ್ತಿತ್ತು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳಿನ ಸೂಕ್ತವೇ ಇದೆ. ಇನ್ನು ಆಡಬಾರದೆಂದುಕೊಂಡವನು ದಾಳದ ಸದ್ದು ಕೇಳಿದೊಡನೆ ಎದ್ದು ಹೋಗುತ್ತಾನೆ. ಧರ್ಮರಾಯನಂಥ ಧರ್ಮರಾಯ, ಕಳೆದದ್ದೆಲ್ಲ ತಿರುಗಿ ಕೈಸೇರಿದ ಮೇಲೂ, ಕರೆದರೆಂದು ಎರಡನೆಯ ಸಲ ಹೋಗಿ ಕುಳಿತ. ಅವನಿಗೆ ಲೆಕ್ಕ ಬರುತ್ತಿರಲಿಲ್ಲ ಎನ್ನೋಣವೇ?

ಲೆಕ್ಕದಿಂದ ಈ ಆಟವನ್ನು ಗೆದ್ದವನೂ ಒಬ್ಬನಿದ್ದಾನೆ. ಅದೇ ಟೊರಾಂಟೋ ನಗರದವನು. ಮೋಹನ್ ಶ್ರೀವಾಸ್ತವ ಎಂಬ ಸಂಖ್ಯಾಶಾಸ್ತ್ರಜ್ಞನಿಗೆ 2003ರಲ್ಲಿ ಯಾರೋ ಇಂಥ ಚೀಟಿ ಕೊಟ್ಟರು. ಆ ಚೀಟಿಯ ಮೇಲೆ ಲೇಪದ ಹೊರಗೂ ಕೆಲವು ಅಂಕಿಗಳಿದ್ದವು. ಒಂದೇ ಒಂದು ಸಲ ಕಾಣಿಸಿಕೊಳ್ಳುವ ಅಂಕಿಗಳು ಮೂರು ಒಂದೇ ಸಾಲಿನಲ್ಲಿ ಬಂದರೆ ಅದು ಗೆಲ್ಲುವ ಚೀಟಿಯೆಂದು, ನೂರಕ್ಕೆ ತೊಂಬತ್ತರಷ್ಟು ಸರಿಯಾಗಿ, ಕೆರೆಯದೆಯೇ ಹೇಳುವ ದಾರಿಯನ್ನು ಕಂಡುಕೊಂಡ. ಅಂಗಡಿ ಅಂಗಡಿ ಸುತ್ತಿ ಚೀಟಿ ಆರಿಸಿದರೆ ದಿನಕ್ಕೆ ಸುಮಾರು 600 ಡಾಲರು ಸಿಕ್ಕೀತೆಂದು ಲೆಕ್ಕ ಹಾಕಿ, ಅದಕ್ಕಿಂತ ತನ್ನ ಕಸುಬೇ ವಾಸಿಯೆಂದು ಕೈಬಿಟ್ಟ. ಲಾಟರಿಯವರಿಗೆ ತಾನೇ ತಿಳಿಸಿದ. ಅವರು ಆ ಆಟವನ್ನು ಹಿಂತೆಗೆದುಕೊಂಡರು.

ಅವನಿಗೆ ಇನ್ನೂ ರುಚಿಯಾದ ಕೆಲಸವೊಂದಿತ್ತು, ಅದಕ್ಕೇ ಬಿಟ್ಟ. ಅಣ್ಣಯ್ಯನಿಗೆ ಏನಿತ್ತು? ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ದುಡ್ಡನ್ನು ಕೂಡಿ ಬರೆಯುವುದು. ಹಿಮದ ಊರಿನ ಕಿಟಕಿಯ ಮುಂದೆ ನನಗೇನಿತ್ತು? ದಿನದಲ್ಲಿ ಅರ್ಧ ನಿಮಿಷ, ಏನಾದರೂ ಆದೀತು ಎನ್ನಿಸುವ ಅರ್ಧ ನಿಮಿಷ. ನಾನು ಎರಡು ಡಾಲರಿಗೆ ಕೊಂಡದ್ದು ಅದನ್ನು. ಅವನು ಹನ್ನೆರಡು ಗುಂಟೆಗೆ ಕೊಂಡ. ಅವನು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಅದರ ಬೆಲೆ ತೆತ್ತವಳು ಅತ್ತಿಗೆ. ಆದರೆ ಅವನು ದಡ್ಡನಾಗಿರಲಿಲ್ಲ.

ಊರಿಗೆ ಬಂದ ವಾರದಲ್ಲೇ ತಿಪಟೂರಿಗೆ ಹೋಗಿ ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಎಂಬತ್ತು ದಾಟಿದೆ. ಸಂಭವದ ಲೆಕ್ಕ, ಮಿದುಳಿನ ಚಿತ್ರ ಎಲ್ಲ ತಾಳ್ಮೆಯಿಂದ ಕೇಳಿ, "ಆವತ್ತು ನೀನು ಲೆಕ್ಕ ಹೇಳ್ಬಿಟ್ಟು ಹೊರಟುಹೋದೆ ಕಣಪ್ಪ. ಒಳಗೆ ಕಾಫಿಗೆ ಇಟ್ಟಿದ್ದೆ. ಕುಡೀಲೇ ಇಲ್ಲ" ಎಂದರು. ಎದ್ದುಹೋಗಿ ಒಲೆ ಹಚ್ಚಿದರು. ಈ ಸಲ ಕುಡಿದು ಬಂದೆ.

ಅಣ್ಣಯ್ಯನ ಕಿರ್ದಿಯಲ್ಲಿ ಕೊನೆಗೆ ಕೆಲವು ಹಾಳೆ ಖಾಲಿಯಿದ್ದವು. ಅವನ ಮೊತ್ತದ ಕೆಳಗೆ ಗೆರೆ ಎಳೆದು ನನ್ನದನ್ನು ಬರೆದೆ: ಚೀಟಿ 41, ಖರ್ಚು 82 ಡಾಲರು, ಜಮಾ 42 ಡಾಲರು. ಬಹುಮಾನ ಬಂದ ಹನ್ನೊಂದರಲ್ಲಿ ಆರು ಕೊಟ್ಟಷ್ಟನ್ನೇ ತಂದವು. ಚುಕ್ಕೆ ಎಷ್ಟೆಂದು ಮಾತ್ರ ಹೇಳುವುದಿಲ್ಲ.

ಈಗ ತಿಂಗಳಿಗೊಮ್ಮೆ ಅತ್ತಿಗೆಗೆ ಫೋನಿನಲ್ಲೇ ಸ್ವಲ್ಪ ಹಣ ಕಳಿಸುತ್ತೇನೆ. ಕಳಿಸಿದೊಡನೆ ಒಮ್ಮೊಮ್ಮೆ ಫೋನು ತಾನೂ ಒಂದು ಕೆರೆಯುವ ಚೀಟಿಯನ್ನು ಮುಂದೆ ಹಿಡಿಯುತ್ತದೆ. ಬೇಡವೆಂದುಕೊಂಡರೂ ಹೆಬ್ಬೆರಳು ಉಜ್ಜಿಬಿಟ್ಟಿರುತ್ತದೆ. ಇಲ್ಲಿಯವರೆಗೆ ಬಂದದ್ದು ಒಟ್ಟು ಏಳು ರೂಪಾಯಿ. ಅದನ್ನೂ ಅಣ್ಣಯ್ಯನ ಪುಸ್ತಕದಲ್ಲಿ ಜಮಾ ಬರೆದಿದ್ದೇನೆ.