ಡೈಯರ್ ದ್ವೀಪದ ದ್ವಿಜರು

ಆಫ್ರಿಕಾ ಖಂಡದ ದಕ್ಷಿಣಾಗ್ರದ ಸಮೀಪದಲ್ಲಿ, ಗಾನ್ಸ್‌ಬಾಯಿ ಎಂಬ ಬೆಸ್ತರ ಊರಿಗೆದುರಾಗಿ, ಡೈಯರ್ ಎಂಬ ಪುಟ್ಟ ದ್ವೀಪವಿರುವುದು. ಅದರ ವಿಸ್ತಾರವು ಸುಮಾರು 50 ಎಕರೆ ಮಾತ್ರ. ಕಾವಲಿನವರ ಹೊರತು ಅಲ್ಲಿ ಮನುಷ್ಯವಾಸವಿಲ್ಲ. ಯಾತ್ರಿಕರು ಕಾಲಿಡುವುದಕ್ಕೆ ಅಪ್ಪಣೆಯೂ ಇಲ್ಲ. ಆದುದರಿಂದ ನಾವು ದೋಣಿಯಲ್ಲಿ ಕುಳಿತೇ ಅದನ್ನು ನೋಡಿದೆವು.

ದ್ವೀಪದ ಮಗ್ಗುಲಲ್ಲಿಯೇ ಗೀಸರ್ ಎಂಬ ಬಂಡೆ. ಅದರ ಮೇಲೆ ಸೀಲ್ ಎಂಬ ಜಲಚರಗಳು ಸಹಸ್ರಗಟ್ಟಲೆಯಾಗಿ ಮೈಗೆ ಮೈ ತಾಗಿಸಿ ಮಲಗಿರುವುವು. ಮರಿಗಳ ಕೂಗು ಕುರಿಮಂದೆಯ ಕೂಗಿನಂತಿರುವುದು. ಅಷ್ಟು ಗದ್ದಲದಲ್ಲಿಯೂ ತಾಯಿಯು ತನ್ನ ಮರಿಯ ದನಿಯನ್ನು ತಪ್ಪದೆ ಗುರುತಿಸುವುದು. ಬಂಡೆಗೂ ದ್ವೀಪಕ್ಕೂ ನಡುವಣ ಇಕ್ಕಟ್ಟಾದ ಜಲಮಾರ್ಗಕ್ಕೆ, ಸೀಲುಗಳನ್ನು ಬೇಟೆಯಾಡುವ ಮೀನಿನ ದೆಸೆಯಿಂದ, 'ಶಾರ್ಕುಗಳ ಓಣಿ' ಎಂಬ ಹೆಸರು ಬಂದಿದೆ.

ಡೈಯರ್ ದ್ವೀಪವಾದರೋ ಹಕ್ಕಿಗಳ ಸಾಮ್ರಾಜ್ಯ. ನೀರುಕಾಗೆ, ಕಡಲಹಕ್ಕಿಗಳ ನಡುವೆ ಹಾರಲಾರದ ಪೆಂಗ್ವಿನ್ ಹಕ್ಕಿಯೂ ಇಲ್ಲಿ ಸಂಸಾರ ಹೂಡುವುದು. ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡುಹೆಣ್ಣುಗಳೆರಡೂ ಸರದಿಯಿಂದ ಸುಮಾರು 40 ದಿನ ಕಾವು ಕೊಡುವುವು.

ಈ ಹಕ್ಕಿಯ ಕಥೆಯು ಕರುಣಾಜನಕವಾದುದು. ಶತಮಾನಗಳಿಂದ ಗಟ್ಟಿಗೊಂಡ ಹಕ್ಕಿಹಿಕ್ಕೆಯ ಪದರದಲ್ಲಿ ಅದು ಬಿಲ ತೋಡಿ ಗೂಡು ಮಾಡುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ, ಇದು ಹೊಲಕ್ಕೆ ಉತ್ಕೃಷ್ಟವಾದ ಗೊಬ್ಬರವೆಂದು ವರ್ತಕರು ಕಂಡುಕೊಂಡರು. 'ಗ್ವಾನೋ' ಎಂಬ ಹೆಸರಿನಿಂದ ಆ ಪದರವನ್ನು ಬಂಡೆ ಕಾಣುವವರೆಗೆ ಕೆರೆದು ಹಡಗಿಗೆ ತುಂಬಿದರು. ನಮಗೆ ಗೊಬ್ಬರ, ಅದಕ್ಕೆ ಮನೆ! ಬಿಲವಿಲ್ಲದೆ ಬಯಲಿನಲ್ಲಿಟ್ಟ ಮೊಟ್ಟೆಗಳು ಬಿಸಿಲಿಗೂ ಕಡಲಹಕ್ಕಿಗಳ ಕೊಕ್ಕಿಗೂ ತುತ್ತಾದುವು. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಮತ್ತೊಮ್ಮೆ ಹುಟ್ಟುವುದರಿಂದ ಸಂಸ್ಕೃತದಲ್ಲಿ ಪಕ್ಷಿಗೆ 'ದ್ವಿಜ'ವೆಂದು ಹೆಸರು. ಈ ದ್ವೀಪದಲ್ಲಿ ಎರಡನೆಯ ಜನ್ಮವನ್ನು ಕಾಣದೆ ಹೋದ ಮೊಟ್ಟೆಗಳೆಷ್ಟೋ!

1979ರಲ್ಲಿ 20,000ಕ್ಕೆ ಮಿಕ್ಕಿದ್ದ ಜೋಡಿಗಳಲ್ಲಿ ಈಗ ಹತ್ತನೆಯ ಒಂದು ಪಾಲೂ ಉಳಿದಿಲ್ಲ. ಆಫ್ರಿಕದ ಈ ಪೆಂಗ್ವಿನ್ ಜಾತಿಯನ್ನೇ 2024ರಲ್ಲಿ ಅಳಿವಿನ ಅಂಚಿನವುಗಳ ಪಟ್ಟಿಗೆ ಸೇರಿಸಿದರು. ಗೂಡು ಹೋದುದಲ್ಲದೆ, ಅದರ ಆಹಾರವಾದ ಬೂತಾಯಿಯ ಜಾತಿಯ ಸಣ್ಣ ಮೀನೂ ವಿರಳವಾಗಿರುವುದೇ ಇದಕ್ಕೆ ಮುಖ್ಯ ಕಾರಣ.

ಪ್ರಾಯಶ್ಚಿತ್ತವೂ ಆರಂಭವಾಗಿದೆಯೆಂಬುದು ಸಮಾಧಾನದ ಸಂಗತಿ. 2006ರಲ್ಲಿ ಸ್ಥಾಪಿತವಾದ ಡೈಯರ್ ದ್ವೀಪ ಸಂರಕ್ಷಣಾ ಟ್ರಸ್ಟಿನವರು, ನೆರಳನ್ನೀಯುವ ಕೃತಕ ಗೂಡುಗಳನ್ನು ಮಾಡಿಸಿ ಇರಿಸಿದ್ದಾರೆ. 2025ರಲ್ಲಿ ನ್ಯಾಯಾಲಯದ ಆಜ್ಞೆಯಾಗಿ, ಡೈಯರ್ ಸೇರಿ ಆರು ಪೆಂಗ್ವಿನ್ ನೆಲೆಗಳ ಸುತ್ತಣ ನಿಯತ ಜಲಭಾಗದಲ್ಲಿ ಹತ್ತು ವರ್ಷ ಆ ಮೀನನ್ನು ದೊಡ್ಡ ಬಲೆಯಿಂದ ಹಿಡಿಯಲಾಗದೆಂದು ಗೊತ್ತುಪಡಿಸಿದರು.

ಕಸಿದ ಮನೆಗೆ ಬದಲಾಗಿ ಮನುಷ್ಯನು ಬೇರೊಂದನ್ನು ಮಾಡಿಕೊಡಬಲ್ಲನು. ಮೀನನ್ನಾದರೋ ಮಾಡಿಕೊಡಲಾರನು, ಅದರ ಪಾಲಿನದನ್ನು ಅದಕ್ಕೆ ಬಿಟ್ಟುಕೊಡಬಲ್ಲನು, ಅಷ್ಟೇ.